ಅಕ್ವೇರಿಯಂ ಹಸಿರಾದರೆ ಮೈಲುತುತ್ತು ಹಾಕಬೇಕೆ? ಪಾಚಿಯ ಹಿಂದಿನ ಲೆಕ್ಕ ತಿಳಿಯಿರಿ

ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಗಿಡ ಬೆಳೆಸುವವರಿಗೆ ಪಾಚಿಯೇ ದೊಡ್ಡ ತಲೆನೋವು. "ನೀರೆಲ್ಲ ಚೆಲ್ಲಿ ತೊಳೆಯಿರಿ", "ಚಿಟಿಕೆ ಮೈಲುತುತ್ತು ಹಾಕಿ", "ಗೊಬ್ಬರ ಪೂರ್ತಿ ನಿಲ್ಲಿಸಿ" ಎಂಬಂಥ ಸಲಹೆಗಳಿಗೆ ಬರವಿಲ್ಲ. ಇವು ಪಾಚಿಯ ಮೂಲವನ್ನು ಮುಟ್ಟುವುದಿಲ್ಲ. ಕೆಲವೊಮ್ಮೆ ಮೀನಿನ ಜೀವಕ್ಕೇ ಕುತ್ತು ತರುತ್ತವೆ.

ಪಾಚಿ ಏಕೆ ಬರುತ್ತದೆ?

ಪಾಚಿ ಕೊಳೆಯಲ್ಲ, ಜೀವಿ. ಅದಕ್ಕೆ ಬೇಕಾದದ್ದು ಬೆಳಕು ಮತ್ತು ಪೋಷಕಾಂಶ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಕಬ್ಬು ಬೆಳೆಗಾರರಿಗೆ ಇದು ಹೊಸದಲ್ಲ. ಹೊಲದ ಯೂರಿಯಾ, ಡಿಎಪಿ ಮಳೆಗೆ ಕೊಚ್ಚಿಹೋಗಿ ಹೊಂಡದಲ್ಲಿ ನಿಂತು, ಮೇಲೆ ಬಿಸಿಲು ಬಿದ್ದರೆ ನೀರು ಹಸಿರಾಗುತ್ತದೆ.

1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂಟಾರಿಯೊ ಪ್ರಾಂತ್ಯದ 226ನೇ ಸಂಖ್ಯೆಯ ಸರೋವರವನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಸೇರಿಸಿದರು. ರಂಜಕವನ್ನು ಒಂದಕ್ಕೆ ಮಾತ್ರ ಕೊಟ್ಟರು. ಹಸಿರಾದದ್ದು ರಂಜಕ ಬಿದ್ದ ಭಾಗ.

ಹಾಗಾದರೆ ಗೊಬ್ಬರ ನಿಲ್ಲಿಸಿದರೆ ಸಾಕೆ?

ಸಾಲದು. ಗಿಡ ತುಂಬಿದ ತೊಟ್ಟಿಯಲ್ಲಿ ಪಾಚಿಗೆ ಪೈಪೋಟಿ ಕೊಡುವುದೇ ಗಿಡ. ಗೊಬ್ಬರ ಪೂರ್ತಿ ನಿಂತರೆ ಮೊದಲು ಸೊರಗುವುದೂ ಅದೇ. ಅದರ ಎಲೆ ಕೊಳೆತು ಅಮೋನಿಯಾ ಬಿಡುತ್ತದೆ. ಮೀನಿನ ಆಹಾರ, ಹಿಕ್ಕೆಯಿಂದ ಪಾಚಿಗೆ ಸಾಕಾಗುವಷ್ಟು ಸಾರಜನಕ, ರಂಜಕ ಹೇಗೂ ಸಿಗುತ್ತಿರುತ್ತದೆ. ಆದ್ದರಿಂದ ಇಲ್ಲಿ ಮೊದಲು ಹಿಡಿತಕ್ಕೆ ತರಬೇಕಾದದ್ದು ಬೆಳಕು. ಗಿಡ ಬಳಸಿಕೊಳ್ಳುವುದಕ್ಕಿಂತ ಹೆಚ್ಚಾದ ಬೆಳಕು ಪಾಚಿಯ ಪಾಲಾಗುತ್ತದೆ.

ಮೈಲುತುತ್ತು ಏಕೆ ಬೇಡ?

ಅದರಲ್ಲಿರುವ ತಾಮ್ರ ಪಾಚಿಯನ್ನು ಕೊಲ್ಲುತ್ತದೆ, ನಿಜ. ಅಳತೆ ತಪ್ಪಿದರೆ ಮೀನು, ಸಿಗಡಿ, ಬಸವನಹುಳು, ಗಿಡಗಳನ್ನೂ ಕೊಲ್ಲುತ್ತದೆ. ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಇಳಿದು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ತೊಟ್ಟಿ, ಫಿಲ್ಟರ್ ಎಲ್ಲವನ್ನೂ ನಲ್ಲಿ ನೀರಲ್ಲಿ ತೊಳೆಯುವುದೂ ಅಪಾಯವೇ. ಅಮೋನಿಯಾವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿರುತ್ತವೆ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ.

ಏನು ಮಾಡಬೇಕು?

• ಲೈಟು ದಿನಕ್ಕೆ 6ರಿಂದ 8 ತಾಸು ಸಾಕು. ಟೈಮರ್ ಹಾಕಿ.
• ತೊಟ್ಟಿ ಕಿಟಕಿಯ ಬಳಿ ಬೇಡ. ನಮ್ಮ ಕಡೆ ಹಗಲೇ 11ರಿಂದ 13 ತಾಸು ಇರುತ್ತದೆ.
• ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ಬೇಗ ಬೆಳೆಯುವ ಗಿಡ ಹೆಚ್ಚು ಹಾಕಿ.
• ಮೀನು ಎರಡು-ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ.
• ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರು ಹಾಕಿ. ಹೊಲದ ಬಾವಿ ನೀರಾದರೆ ಗೊಬ್ಬರದ ನೈಟ್ರೇಟ್ ಮೊದಲೇ ಇರಬಹುದು. ಟೆಸ್ಟ್ ಸ್ಟ್ರಿಪ್‌ನಲ್ಲಿ ನೋಡಿ.
• ಗಿಡಕ್ಕೆ ಅಕ್ವೇರಿಯಂ ಗೊಬ್ಬರವನ್ನೇ ಅಳತೆಯಲ್ಲಿ ಹಾಕಿ, ಯೂರಿಯಾ ಬೇಡ. ಅದು ಅಮೋನಿಯಾ ಆಗುತ್ತದೆ. ಕ್ಷಾರ ಹೆಚ್ಚಿರುವ ನೀರಲ್ಲಿ ಅದರ ವಿಷವೂ ಹೆಚ್ಚು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು-ಮೂರು ವಾರ ಕಾಯಿರಿ. ಹೊಸ ತೊಟ್ಟಿಯಲ್ಲಿ ಮೊದಲ ವಾರಗಳ ಕಂದು ಪಾಚಿ ಸಾಮಾನ್ಯ, ಹೆಚ್ಚಾಗಿ ತಾನೇ ಹೋಗುತ್ತದೆ.

ಮುಂದಿನ ಸಲ ಮೈಲುತುತ್ತಿನ ಸಲಹೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಆ ತೊಟ್ಟಿಯ ಲೈಟು ದಿನಕ್ಕೆ ಎಷ್ಟು ತಾಸು ಉರಿಯುತ್ತಿದೆ?