ಇರುಳಿನ ಬೆಟ್ಟದಲ್ಲಿ ಅಂಜಬೇಕಾದವರು ಯಾರು?

ಚೆನ್ನೈನ ರಾಯಪುರಂನಲ್ಲಿ ರಾತ್ರಿಯಾಗುತ್ತದೆ, ಕತ್ತಲಾಗುವುದಿಲ್ಲ. ಬಂದರಿನ ದೀಪಗಳು, ಸಾಲುಗಟ್ಟಿ ನಿಂತ ಕಂಟೇನರ್ ಲಾರಿಗಳು, ಬೆಳಕು ಹರಿಯುವ ಮೊದಲೇ ಗಿಜಿಗುಡುವ ಕಾಸಿಮೇಡಿನ ಮೀನುಪೇಟೆ. ಇವುಗಳ ನಡುವೆ ಬೆಳೆದವರಿಗೆ ಚಾಚಿದ ಕೈಯ ಬೆರಳು ಕಾಣದಷ್ಟು ಕತ್ತಲೆ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಇಲ್ಲಿಂದಲೇ ಪಶ್ಚಿಮಕ್ಕೆ ಹೊರಟಿತ್ತು. ಈಗ ವಾರಾಂತ್ಯಗಳಲ್ಲಿ ಚೆನ್ನೈನಂತಹ ನಗರಗಳ ಉತ್ಸಾಹಿಗಳು ಬೆಟ್ಟದ ಕಚ್ಚಾರಸ್ತೆಗಳನ್ನು ಹುಡುಕಿಕೊಂಡು ಜೀಪಿನಲ್ಲಿ ಅದೇ ದಿಕ್ಕಿಗೆ ಹೊರಡುತ್ತಾರೆ. ಸತ್ಯಮಂಗಲ, ನೀಲಗಿರಿ, ಕೊಡಗು, ಬೆಂಗಳೂರಿನವರಾದರೆ ಸಕಲೇಶಪುರ. ಅವರಿಗೆ ಬೇಕಾಗಿರುವುದು ಬೆಟ್ಟದಷ್ಟೇ ಆ ಕತ್ತಲೆ ಕೂಡ.

ಹಿಂದಿರುಗಿದವರು ಹೇಳುವ ಕಥೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ತಿರುವಿನ ಅಂಚಿನಲ್ಲಿ ಬಿಳಿಯದೇನೋ ನಿಂತಿತ್ತು, ನೇರ ನೋಡಿದರೆ ಮಾಯ. ಮರದ ಮೇಲೆ ಎರಡು ಕೆಂಡದಂತಹ ಕಣ್ಣು ಕಾಣಿಸಿ ಆರಿಹೋದವು. ಎಂಜಿನ್ ನಿಲ್ಲಿಸಿದಾಗ ಯಾರೋ ಕಿರುಚಿದಂತಾಯಿತು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪು.

ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು ಕಣ್ಣಿನ ಪರದೆಯ ನಡುಮಧ್ಯದಲ್ಲಿ ಇಲ್ಲ, ಅದರ ಸುತ್ತ ಇವೆ. ಹಾಗಾಗಿ ಕತ್ತಲೆಯಲ್ಲಿ ಓರೆಗಣ್ಣಿಗೆ ಕಂಡ ಬಂಡೆಯೋ ಮರದ ಬೊಡ್ಡೆಯೋ ನೇರ ದಿಟ್ಟಿಸಿದರೆ ಕರಗಿಹೋಗುತ್ತದೆ. ದೆವ್ವದ ಮುಖ್ಯ ಲಕ್ಷಣವೆಂದು ಊರೂರಲ್ಲಿ ಹೇಳುವ ಈ ಗುಣ ನಮ್ಮ ಕಣ್ಣಿನದೇ. ಜೊತೆಗೆ, ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹೆಡ್‌ಲೈಟಿನ ಒಂದು ಹೊಳಪು ಸಾಕು, ಮತ್ತೆ ಮೊದಲಿನಿಂದ ಶುರು. ಜೀಪಿನ ನೆತ್ತಿಗೆ ಎಲ್ಇಡಿ ದೀಪದ ಪಟ್ಟಿ ಕಟ್ಟಿಕೊಂಡವರಿಗೆ ಬೆಳಕಿನ ಅಂಚಿನಾಚೆ ಕರಿಗೋಡೆಯಲ್ಲದೆ ಬೇರೇನೂ ಕಾಣದು. ಅವರು ಅಂಜುವ ಕತ್ತಲೆಯಲ್ಲಿ ಅರ್ಧ ಅವರೇ ಮಾಡಿಕೊಂಡದ್ದು.

ಮರದ ಮೇಲಿನ ಕಣ್ಣುಗಳು ಕಾಡುಪಾಪನದ್ದಿರಬಹುದು. ಜಿಂಕೆ, ಚಿರತೆ, ಕಾಡುಪಾಪಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ. ಪ್ರಾಣಿ ಮುಖ ತಿರುಗಿಸಿದರೆ ಕೆಂಡ ಆರುತ್ತದೆ. ರಸ್ತೆಯ ನಡುವೆ ಕೆಂಪಗೆ ಹೊಳೆದು ಚಕ್ರ ಹತ್ತಿರ ಬಂದಾಗ ಸದ್ದಿಲ್ಲದೆ ಮೇಲೇಳುವುದು ನತ್ತಿಂಗ ಹಕ್ಕಿ. ಕಿರುಚಿದ್ದು ಕಾಡಿನ ದೊಡ್ಡ ಗೂಬೆಯೋ, ಗಾಬರಿಗೊಂಡು ಬೊಗಳಿದ ಕಾಡುಕುರಿಯೋ ಇರಬೇಕು. ಅದರ ಗಾಬರಿಗೆ ಕಾರಣ ಜೀಪಿನೊಳಗೆ ಕೂತಿದೆ.

ಇಲ್ಲಿಗೆ ನಿಲ್ಲಿಸಿದರೆ ಇದು ದೆವ್ವ ಬಿಡಿಸುವ ವಿಜ್ಞಾನದ ಪಾಠವಾಗುತ್ತದೆ. ಆದರೆ ಹಳ್ಳಿಯವರ ಅಂಜಿಕೆ ಬರೀ ಅಜ್ಞಾನವಲ್ಲ. ಕನ್ನಡದ ಹಲವು ಊರುಗಳಲ್ಲಿ ರಾತ್ರಿ ಹಾವನ್ನು ಹಾವೆನ್ನುವುದಿಲ್ಲ, ಹುಳ ಎನ್ನುತ್ತಾರೆ. ಹೆಸರಿಟ್ಟು ಕರೆದರೆ ಬಂದೀತು ಎಂಬ ಭಯದ ಜೊತೆಗೆ, ಹೊತ್ತು ಮುಳುಗಿದ ಮೇಲೆ ಈ ದಾರಿ ಅದರದು ಎಂಬ ಒಪ್ಪಿಗೆಯೂ ಆ ಮಾತಿನಲ್ಲಿದೆ. ಮಲೆ ಮಹದೇಶ್ವರನ ಸೀಮೆಯಲ್ಲಿ ಹುಲಿಯೇ ದೇವರ ವಾಹನ. ಅದು ಎದುರಾದರೆ ಪಕ್ಕಕ್ಕೆ ಸರಿಯಬೇಕಾದದ್ದು ಮನುಷ್ಯ. ಕೊಳ್ಳಿದೆವ್ವ, ಮೋಹಿನಿ, ದಾಟಿದವರ ದಿಕ್ಕು ತಪ್ಪಿಸುವ ಬಳ್ಳಿ, ಈ ಕಥೆಗಳೆಲ್ಲ ಕೊನೆಗೆ ಹೇಳುವುದು ಒಂದೇ ಮಾತು: ಇಷ್ಟು ಹೊತ್ತಿನಲ್ಲಿ ಅಲ್ಲಿಗೆ ಹೋಗಬೇಡ. ಜೀಪಿನವರು ಆ ಕಥೆಗಳನ್ನು ಮಾತ್ರ ತೆಗೆದುಕೊಂಡು ಎಚ್ಚರಿಕೆಯನ್ನು ಬಿಟ್ಟುಬಿಟ್ಟಿದ್ದಾರೆ. ಹೋಗಬೇಡ ಎಂದದ್ದೇ ಹೋಗಲು ಕಾರಣವಾಗಿದೆ.

ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಬರುವ ದಿಂಬಂ ಘಾಟಿಯನ್ನೇ ನೋಡಬಹುದು. 27 ಕಡಿದಾದ ತಿರುವುಗಳ ದಾರಿ. ಘಾಟಿ ಹತ್ತಿದ ಮೇಲೆ ಸಿಗುವ ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಅಲ್ಲಿನ ಹಳ್ಳಿಗಳ ಮಾತು ಕನ್ನಡ. ಒಂದು ಕಾಲಕ್ಕೆ ಇಲ್ಲಿಯ ರಾತ್ರಿಯ ಭಯಕ್ಕೆ ಮನುಷ್ಯನ ಹೆಸರಿತ್ತು. 2000ದ ಜುಲೈ 30ರ ರಾತ್ರಿ ವೀರಪ್ಪನ್ ರಾಜಕುಮಾರ್ ಅವರನ್ನು ಅಪಹರಿಸಿದ್ದು ಇದೇ ಸೀಮೆಯ ಗಾಜನೂರಿನಿಂದ. 2004ರಲ್ಲಿ ಅವನು ಸತ್ತ, ಭಯ ಇಳಿಯಿತು, ವಾಹನಗಳು ಹೆಚ್ಚಿದವು. ಆಮೇಲೆ ಸತ್ತವು ಕಾಡುಪ್ರಾಣಿಗಳು, ಗಾಲಿಗೆ ಸಿಕ್ಕಿ.

ಅದಕ್ಕೇ 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಈ ಹುಲಿ ಮೀಸಲು ಪ್ರದೇಶದ ಹೆದ್ದಾರಿಯಲ್ಲಿ ರಾತ್ರಿ ಸಂಚಾರದ ನಿಷೇಧವನ್ನು ಜಾರಿ ಮಾಡಿಸಿತು. ಭಾರಿ ವಾಹನಗಳಿಗೆ ಸಂಜೆ 6ರಿಂದ ಬೆಳಗಿನ 6, ಲಘು ವಾಹನಗಳಿಗೆ ರಾತ್ರಿ 9ರಿಂದ. ಬಂಡೀಪುರದಲ್ಲಿ ಇಂಥದ್ದೇ ನಿಷೇಧ 2009ರಿಂದ ಇದೆ. ತಾಳವಾಡಿಯ ಜನ ಪ್ರತಿಭಟಿಸಿದರು. ಕಿತ್ತ ತರಕಾರಿ ಬೆಳಗಿನವರೆಗೆ ಕಾಯದು ಎಂಬ ಅವರ ದೂರು ಸುಳ್ಳಲ್ಲ. ನಿಯಮ ಆಮೇಲೆ ಒಂದಿಷ್ಟು ಸಡಿಲವಾಯಿತು. ಆದರೂ ಕಾಡಂಚಿನ ಬದುಕು ಈ ಕಟ್ಟಳೆಯ ಸುತ್ತ ತನ್ನ ಹೊತ್ತನ್ನು ಹೊಂದಿಸಿಕೊಂಡಿದೆ.

ಪ್ರಶ್ನೆ ಇರುವುದು ಇಲ್ಲೇ. ಹೊಟ್ಟೆಪಾಡಿಗೆ ದುಡಿಯುವ ಲಾರಿಯವನು ಡಾಂಬರು ರಸ್ತೆಯ ಗೇಟಿನ ಮುಂದೆ ಬೆಳಗಾಗುವುದನ್ನು ಕಾಯುತ್ತಾನೆ. ಹಾಗಿರುವಾಗ ಮೈನವಿರೇಳಿಸಿಕೊಳ್ಳಲು ಬಂದ ಜೀಪು ನಡುರಾತ್ರಿಯಲ್ಲಿ ಕಾಡಂಚಿನ ಗಾಡಿದಾರಿ ಹಿಡಿಯುವುದು ಯಾವ ನ್ಯಾಯ? ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಆದರೆ ಗೇಟು, ಬೋರ್ಡು ಯಾವುದೂ ಇಲ್ಲದ ಖಾಸಗಿ ತೋಟದ ದಾರಿಗಳೂ ಇವೆ. ನೀರಿಗೆ ಇಳಿಯುವ ಆನೆಗೆ ಗೇಟಿನ ಗಡಿ ಗೊತ್ತಿಲ್ಲ. ಅಂಥಲ್ಲಿ ಕಾನೂನು ತಡೆಯದಿದ್ದರೆ ಮನಸ್ಸು ತಡೆಯಬೇಕು.

ಜೀಪು ಓಡಿಸುವವರೆಲ್ಲ ಕಾಡಿನ ಶತ್ರುಗಳಲ್ಲ. ಮಳೆಗಾಲದ ಕೆಸರಿನಲ್ಲಿ ಗಾಡಿ ಹತ್ತಿಸುವುದಕ್ಕೆ ನಿಜವಾದ ಚಳಕ ಬೇಕು, ಅದನ್ನು ಹಗಲಿನಲ್ಲೇ ತೋರಿಸಬಹುದು. ಕತ್ತಲೆಯನ್ನೇ ಬಯಸಿದವರಿಗೆ ಜೀಪು ಬೇಕಿಲ್ಲ. ಬೆಟ್ಟದ ಊರೊಂದರಲ್ಲಿ ತಂಗಿ, ದೀಪ ಆರಿಸಿ, ಜಗಲಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತರೆ ಸಾಕು. ಕಣ್ಣು ಒಗ್ಗುತ್ತದೆ, ಕರಿಗೋಡೆ ಕರಗಿ ಮರಗಳು ಒಂದೊಂದಾಗಿ ಬೇರೆಯಾಗುತ್ತವೆ, ಯಾವುದೋ ಪ್ರಾಣಿ ಒಣಎಲೆ ತುಳಿದು ಹೋಗುವುದು ಕೇಳುತ್ತದೆ. ಆಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಅಂಜಿಕೆಯಿಂದ ಬೇರೆ ಯಾವ ಜೀವವೂ ಬೆದರಿ ಓಡಬೇಕಾಗಿಲ್ಲ.