ಹೊಸ ಕಾರಿನ ಬೆಲೆಪಟ್ಟಿಯನ್ನು ಓದುವ ಬಗೆ

ಕಾರು ಕೊಳ್ಳುವ ಮುನ್ನ ವಿಚಾರಿಸಬೇಕಾದ ಸಂಗತಿಗಳೇನೆಂದು ಕೇಳಿ ಹಲವು ಓದುಗ ಬಂಧುಗಳು ನಮಗೆ ಪತ್ರ ಬರೆದಿರುವರು. ಯಾವ ಕಂಪನಿಯ ಕಾರು ಲೇಸು, ಯಾವುದು ಹೆಚ್ಚು ಮೈಲೇಜು ಕೊಡುವುದು ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಅಧಿಕಾರ ನಮಗಿಲ್ಲ. ಅದನ್ನು ಬಲ್ಲವರು ಬೇರೆ ಇದ್ದಾರೆ. ಆದರೆ ಆ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದಿದೆ. ಜಾಹೀರಾತಿನಲ್ಲಿ ಕಂಡ ಬೆಲೆಗೂ ಕೊನೆಗೆ ಕೊಟ್ಟು ಬಂದ ಹಣಕ್ಕೂ ಒಂದೂವರೆ, ಎರಡು ಲಕ್ಷದ ಅಂತರವಾಯಿತು, ಅದು ಎಲ್ಲಿ ಹೋಯಿತೆಂಬುದು ಇಂದಿಗೂ ತಿಳಿಯದು ಎಂಬುದೇ ಆ ಮಾತು. ಈ ತಿಂಗಳು ಅದೊಂದನ್ನೇ ವಿಚಾರಮಾಡೋಣ.

ನಮ್ಮ ಹಿರಿಯರು ಚೌಕಾಸಿಯಲ್ಲಿ ಹಿಂದೆ ಬಿದ್ದವರಲ್ಲ. ದನದ ಜಾತ್ರೆಯಲ್ಲಿ ಒಂದು ಜೋಡಿ ಎತ್ತು ಕೊಳ್ಳಬೇಕಾದರೆ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಕುದುರದಿದ್ದರೆ ಬರಿಗೈಯಲ್ಲಿ ಊರಿಗೆ ಮರಳಲು ಅವರಿಗೆ ನಾಚಿಕೆಯಿರಲಿಲ್ಲ. ಅದೇ ಮನೆತನದ ಇಂದಿನ ಯಜಮಾನರು ತಂಪು ಗಾಳಿಯ ಷೋರೂಮಿನ ಗಾಜಿನ ಬಾಗಿಲು ದಾಟಿ, ಕೈಗೆ ಕಾಫಿಯ ಬಟ್ಟಲು ಬಂದೊಡನೆ ಮೌನ ತಾಳುವರು. ಟೈ ಕಟ್ಟಿದ ತರುಣ ಅಚ್ಚು ಹಾಕಿದ ಹಾಳೆಯೊಂದನ್ನು ಮುಂದಿಟ್ಟರೆ, ಅದರಲ್ಲಿರುವುದೆಲ್ಲ ಸರಕಾರದ ಕಟ್ಟಳೆಯೆಂದೇ ನಂಬುವರು. ಕೇಳಿದರೆ ಜಿಪುಣರೆನ್ನುವರೇನೋ ಎಂಬ ಅಳುಕು ಬೇರೆ.

ಧಾರವಾಡದ ಕಡೆಯ ನಮ್ಮ ಪರಿಚಿತ ನಿವೃತ್ತ ಉಪಾಧ್ಯಾಯರೊಬ್ಬರು ಗ್ರಾಚ್ಯುಯಿಟಿಯ ಹಣದಲ್ಲಿ ಸಣ್ಣದೊಂದು ಕಾರು ಕೊಳ್ಳಲು ಹೊರಟಿದ್ದರು. ಹೃದಯದ ತೊಂದರೆಯಿದ್ದ ಪತ್ನಿಯನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮುಂಗಡ ಕೊಡುವ ಹಿಂದಿನ ದಿನ ಬ್ಯಾಂಕಿನಲ್ಲಿ ಕೆಲಸಮಾಡುವ ಅವರ ಸೊಸೆ ಆ ಕೊಟೇಷನ್ ಹಾಳೆಯನ್ನು ಎತ್ತಿಕೊಂಡು, “ಮಾವಾರ, ಇದ್ರಾಗ ಸರ್ಕಾರಕ್ಕ ಹೋಗೂದು ಯಾವ್ದು, ಅಂಗಡ್ಯಾಂವಗ ಉಳಿಯೂದು ಯಾವ್ದು, ಮೊದ್ಲ ಬ್ಯಾರೆ ಬ್ಯಾರೆ ಬರಿಯೂಣ್ರಿ” ಎಂದಳಂತೆ. ನಮ್ಮ ಅಭಿಪ್ರಾಯದಲ್ಲಿ ಇಡೀ ವಿದ್ಯೆ ಆ ಒಂದು ಮಾತಿನಲ್ಲಿದೆ. ನಾವೂ ಅದೇ ಕ್ರಮದಲ್ಲಿ ನಡೆಯುವೆವು.

ಮೊದಲು ಸರಕಾರದ ಪಾಲು. ಎಕ್ಸ್ ಷೋರೂಮ್ ಬೆಲೆಯೆಂದು ಹೇಳುವುದರೊಳಗೆ ಜಿಎಸ್‌ಟಿ ಸೇರಿಯೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲೆ ಶೇಕಡಾ 28 ಮತ್ತು ಅದರ ಮೇಲೊಂದು ಸೆಸ್ ಇದ್ದದ್ದು ಶೇಕಡಾ 18ಕ್ಕೆ ಇಳಿಯಿತು. ದೊಡ್ಡವುಗಳಿಗೆ ಶೇಕಡಾ 40. ಆದಕಾರಣ ಕಾರಿನ ಬೆಲೆಯ ಮೇಲೆ ಮತ್ತೊಮ್ಮೆ ಜಿಎಸ್‌ಟಿ ಕಂಡರೆ ಅಲ್ಲಿಯೇ ಬೆರಳಿಟ್ಟು ಕೇಳಬೇಕು. ಇದರ ಹೊರಗೆ ಬರುವ ದೊಡ್ಡ ಹೊರೆಯೆಂದರೆ ಆಜೀವ ತೆರಿಗೆ. ಇದು ನಮ್ಮ ರಾಜ್ಯದಲ್ಲಿ ಹಗುರವಲ್ಲ. 2025ರ ದರದಂತೆ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ, ಬೆಲೆಯನ್ನು ಅನುಸರಿಸಿ, ಶೇಕಡಾ 13ರಿಂದ 18ರವರೆಗೆ, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಎಂಟು ಲಕ್ಷದ ಕಾರಿಗೆ ಶೇಕಡಾ 14ರಂತೆ ತೆರಿಗೆಯೇ 1,12,000 ರೂಪಾಯಿ. ಇದರಲ್ಲಿ ಚೌಕಾಸಿ ನಡೆಯದು.

ಆದರೆ ಈ ದೊಡ್ಡ ಮೊತ್ತದ ನೆರಳಿನಲ್ಲಿ ಚಿಕ್ಕವು ಅಡಗಿ ಕುಳಿತಿರುತ್ತವೆ. ಕಾರಿನ ನೋಂದಣಿ ಶುಲ್ಕ ಕೇಂದ್ರದ ನಿಯಮದಂತೆ 600 ರೂಪಾಯಿ. ಸಾಲವಿದ್ದರೆ ಅದನ್ನು ದಾಖಲಿಸಲು 1,500. ಸ್ಮಾರ್ಟ್ ಕಾರ್ಡಿಗೆ 200. ಷೋರೂಮಿನವರು ಇವೆಲ್ಲವನ್ನೂ ತೆರಿಗೆಯೊಡನೆ ಕೂಡಿಸಿ “ಆರ್‌ಟಿಓ” ಎಂಬ ಒಂದೇ ಸಾಲಿನಲ್ಲಿ, ಸಾವಿರಕ್ಕೆ ಸರಿಹೊಂದಿಸಿದ ದುಂಡು ಅಂಕಿಯಾಗಿ ಬರೆಯುವುದುಂಟು. ಸರಕಾರದ ಲೆಕ್ಕ ಹೀಗೆ ದುಂಡಾಗಿ ಬರುವುದು ಅಪರೂಪ. ಸಾರಿಗೆ ಇಲಾಖೆಯ ರಸೀದಿ ಕೊಂಡವರ ಹೆಸರಿನಲ್ಲಿಯೇ ಬರುವುದರಿಂದ, ಅದರ ಪ್ರತಿಯನ್ನು ಕೊಡಬೇಕೆಂದು ಮೊದಲೇ ಹೇಳಿದರೆ ಆ ಅಂಕಿ ತಾನಾಗಿ ಕರಗುವುದನ್ನು ನಾವು ಕಂಡಿದ್ದೇವೆ. ಹೆಚ್ಚು ಸುರಕ್ಷೆಯ ನಂಬರು ಫಲಕವನ್ನು 2019ರ ಏಪ್ರಿಲ್ 1ರ ನಂತರ ತಯಾರಾದ ವಾಹನಗಳಿಗೆ ತಯಾರಕರೇ ಒದಗಿಸಬೇಕು. ಅದಕ್ಕೆ ಪ್ರತ್ಯೇಕ ಹಣ ಏಕೆಂದು ವಿಚಾರಿಸಿರಿ. ಹತ್ತು ಲಕ್ಷ ಮೀರಿದ ಕಾರಿಗೆ ಶೇಕಡಾ 1ರಂತೆ ಟಿಸಿಎಸ್ ಎಂದು ಹಿಡಿಯುವುದು ಮಾತ್ರ ನ್ಯಾಯವಾದದ್ದೇ. ಅದು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುವ ಆದಾಯ ತೆರಿಗೆ. ವಾರ್ಷಿಕ ವಿವರಪಟ್ಟಿ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿದು, ತೆರಿಗೆ ಬಾಕಿಯಿಲ್ಲದಿದ್ದರೆ ಮರಳಿ ಪಡೆಯಬಹುದು. ಎಷ್ಟೋ ಕುಟುಂಬಗಳು ಇದನ್ನು ಹೋದ ಹಣವೆಂದೇ ಮರೆತುಬಿಡುತ್ತವೆ.

ಇನ್ನು ವಿಮೆ. ಹೆಚ್ಚು ಹಣ ಸೋರುವ ಜಾಗ ಇದೇ. 2018ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಆದೇಶದಂತೆ, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅದರ ಕಂತನ್ನು ಸರಕಾರವೇ ಗೊತ್ತುಪಡಿಸುವುದು. ಎಲ್ಲಿ ಕೊಂಡರೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿಸಿ ಮೀರಿ 1500 ಸಿಸಿಯೊಳಗಿನ ಹೊಸ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ ಇತ್ತು. ಆದರೆ ಸ್ವಂತ ವಾಹನದ ಹಾನಿಗೆ ಕೊಡುವ ವಿಮೆಯ ಕಂತು ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನೂ ಮೂರು ವರ್ಷಕ್ಕೆ ಒಟ್ಟಿಗೆ ಕೊಳ್ಳಬೇಕೆಂಬ ಕಟ್ಟು 2020ರ ಆಗಸ್ಟ್‌ನಿಂದ ಇಲ್ಲ. ಒಂದು ವರ್ಷಕ್ಕೆ ಸಾಕು. ಯಾವ ಕಂಪನಿಯಿಂದ ಕೊಳ್ಳಬೇಕೆಂಬುದು ಗ್ರಾಹಕನ ಇಚ್ಛೆ. “ನಮ್ಮಲ್ಲೇ ವಿಮೆ ಮಾಡಿಸದಿದ್ದರೆ ರಿಯಾಯಿತಿ ಸಿಗದು” ಎಂದರೆ, ಹೊರಗಿನ ಎರಡು ಕಂಪನಿಗಳ ದರವನ್ನು ಬರೆಯಿಸಿಕೊಂಡು ಹೋಗಿ ತೋರಿಸುವುದೇ ಅದಕ್ಕೆ ಉತ್ತರ. ಬಹುಮಟ್ಟಿಗೆ ಷೋರೂಮಿನವರೇ ಆ ದರಕ್ಕೆ ಇಳಿಯುವರು. ಸವಕಳಿ ಕಳೆಯದೆ ಪೂರ್ತಿ ಕೊಡುವ ‘ಜೀರೋ ಡೆಪ್ರಿಸಿಯೇಷನ್’ ಮೊದಲ ಕೆಲವು ವರ್ಷ ಇರಲೆಂದೇ ನಾವು ಹೇಳುವೆವು. ಕೀಲಿಕೈ ಕಳೆದರೆ, ಸಾಮಾನು ಕಳವಾದರೆ ಎಂದು ಪೋಣಿಸುತ್ತ ಹೋಗುವ ಉಳಿದವು ನಿಮ್ಮ ವಿವೇಚನೆಗೆ.

ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಪಘಾತದ ಪರಿಹಾರ ಕೇಳದೆ ಕಳೆದ ವರ್ಷಗಳಿಗಾಗಿ ಸಿಕ್ಕುವ ‘ನೋ ಕ್ಲೇಮ್ ಬೋನಸ್’ ಕಾರಿನದಲ್ಲ, ಮಾಲೀಕನದು. ಶೇಕಡಾ 50ರವರೆಗೆ ಬೆಳೆಯುವ ಅದನ್ನು ಹಳೆಯ ವಿಮಾ ಕಂಪನಿಯಿಂದ ಪ್ರಮಾಣಪತ್ರ ತಂದು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಷೋರೂಮಿನಲ್ಲಿ ಇದನ್ನು ಯಾರೂ ತಾವಾಗಿ ನೆನಪಿಸುವುದಿಲ್ಲ.

ಮೂರನೆಯದು ಅಂಗಡಿಯ ಪಾಲು. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಹೀಗೆ ನಾನಾ ಹೆಸರಿನಲ್ಲಿ ಬರುವ ಐದು, ಹತ್ತು ಸಾವಿರ ಸರಕಾರದ ಶುಲ್ಕವಲ್ಲ. ಕಾರನ್ನು ತಮ್ಮ ಅಂಗಡಿಗೆ ತಂದು ನಿಲ್ಲಿಸಿದ ಖರ್ಚನ್ನು ಗಿರಾಕಿ ಬೇರೆಯಾಗಿ ಏಕೆ ಕೊಡಬೇಕು? ಕಿರಾಣಿ ಅಂಗಡಿಯವನು ಅಕ್ಕಿಯ ಬೆಲೆಯ ಮೇಲೆ ಮೂಟೆ ಇಳಿಸಿದ ಹಮಾಲಿ ಕೇಳಿದರೆ ನಾವು ಸುಮ್ಮನಿರುವೆವೇ? “ಇದಕ್ಕೆ ಬೇರೆ ರಸೀದಿ ಕೊಡುವಿರಾ?” ಎಂಬ ಒಂದು ಪ್ರಶ್ನೆ ಸಾಕು. ಕಾಲ್‌ಮಣೆ, ಸೀಟಿನ ಗವಸು, ಕೆಸರು ತಡೆ, ಬಣ್ಣದ ಮೇಲಿನ ಲೇಪನ ಇವನ್ನೆಲ್ಲ ‘ಕಿಟ್’ ಎಂದು ಕಟ್ಟಿಕೊಡುವುದು ರೂಢಿ. ಬೇಕಾದುದನ್ನು ಮಾತ್ರ ಆರಿಸಿಕೊಳ್ಳಿರಿ. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಕಟ್ಟುಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿಯೆಂದೇ ಕರೆದಿದೆ.

ಉಪಾಧ್ಯಾಯರ ಸೊಸೆ ಹೀಗೆ ಮೂರು ಅಂಕಣ ಗೀಚಿ ಮಾರನೆಯ ದಿನ ತಾನೂ ಜೊತೆಗೆ ಹೋದಳು. ಹ್ಯಾಂಡ್ಲಿಂಗ್ ಹಣ ಬಿಟ್ಟುಹೋಯಿತು, ಕಿಟ್ ಅರ್ಧವಾಯಿತು, ವಿಮೆ ಇಳಿಯಿತು. ಉಳಿದದ್ದು ಇಪ್ಪತ್ತೇಳು ಸಾವಿರ. ಆ ಮನೆಯ ಸುಮಾರು ಒಂದು ವರ್ಷದ ಔಷಧದ ಖರ್ಚು. ಅಷ್ಟು ಹೊತ್ತೂ ಮೇಷ್ಟ್ರು ಮುಜುಗರದಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದರೆಂದು ಆಕೆಯೇ ನಗುತ್ತ ಹೇಳಿದಳು.

ಸಾಲದ ವಿಷಯದಲ್ಲಿ ಕಣ್ಕಟ್ಟು ಇನ್ನೂ ನಯವಾದದ್ದು. ಎಂಟು ಲಕ್ಷ ಸಾಲ, ಐದು ವರ್ಷ, ‘ಫ್ಲಾಟ್’ ಶೇಕಡಾ 7 ಎಂದರೆ ತಿಂಗಳ ಕಂತು 18,000 ರೂಪಾಯಿ, ಒಟ್ಟು ಬಡ್ಡಿ 2,80,000. ತೀರುತ್ತ ಬಂದ ಅಸಲಿನ ಮೇಲೆ ಲೆಕ್ಕ ಹಾಕುವ ಶೇಕಡಾ 7 ಆದರೆ ಕಂತು ಸುಮಾರು 15,840, ಬಡ್ಡಿ ಒಂದೂವರೆ ಲಕ್ಷದ ಆಸುಪಾಸು. ಹೆಸರು ಒಂದೇ ಏಳು. ಮೊದಲನೆಯದು ನಿಜವಾಗಿ ಹನ್ನೆರಡೂವರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರ ಮೇಲೆ ಮಂಜೂರಾದ ಇಂಥ ಸಾಲಗಳಿಗೆಲ್ಲ ಮುಖ್ಯ ಸಂಗತಿಗಳ ಪತ್ರವೊಂದನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಕೊಡಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹಿಡಿಯುವಂತಿಲ್ಲ. ಕನ್ನಡದಲ್ಲಿಯೇ ಕೊಡಿರೆಂದು ಕೇಳಲು ಸಂಕೋಚ ಬೇಡ.

ಚೌಕಾಸಿಗೆ ಹೊತ್ತು ನೋಡಬೇಕು. ಆಯುಧ ಪೂಜೆ, ಯುಗಾದಿಗಳಂದು ಷೋರೂಮಿನ ಮುಂದೆ ಹಾರ ಹಿಡಿದು ಜನ ಸಾಲುಗಟ್ಟಿ ನಿಂತಿರುವಾಗ ಯಾರು ಬೆಲೆ ಇಳಿಸಿಯಾರು? ಆಷಾಢದಲ್ಲಿ ಅದೇ ಅಂಗಡಿ ಬಿಕೋ ಎನ್ನುವುದು; ಆಷಾಢದ ರಿಯಾಯಿತಿಯ ಫಲಕ ತೂಗುವುದು. ಆಷಾಢದಲ್ಲಿ ಮಾತುಕತೆ ಮುಗಿಸಿ ಬೆಲೆಯನ್ನು ಬರೆಯಿಸಿಕೊಂಡು, ಶ್ರಾವಣದಲ್ಲಿ ಗಾಡಿ ಮನೆಗೆ ತರುವ ಜಾಣರೂ ಇದ್ದಾರೆ. ಡಿಸೆಂಬರಿನಲ್ಲಿಯೂ ಬೆಲೆ ಇಳಿಯುವುದು, ಆದರೆ ಅದು ಹಳೆಯ ವರ್ಷದ ತಯಾರಿಕೆಯೆಂದು ಮರುಮಾರಾಟದಲ್ಲಿ ಕಡಮೆ ಬರುವುದು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ನಷ್ಟವಿಲ್ಲ. ಒಂದೇ ಕಂಪನಿಯ ಎರಡು ಷೋರೂಮುಗಳಿಂದ ಕೊಟೇಷನ್ ತಂದು, ರಿಯಾಯಿತಿಯ ಮೊತ್ತವನ್ನಲ್ಲ, ರಸ್ತೆಗಿಳಿಯುವ ಒಟ್ಟು ಬೆಲೆಯನ್ನು ಹೋಲಿಸಿರಿ. ಉಚಿತ ಸಾಮಾನಿಗಿಂತ ನಗದು ಇಳಿಕೆ ಮೇಲು. ಸರಕಾರಿ ನೌಕರರಿಗೆ, ಹಳೆಯ ಗಿರಾಕಿಗಳಿಗೆ, ಕಾರು ಬದಲಿ ಕೊಡುವವರಿಗೆ ಬೇರೆ ಬೇರೆ ಸೌಲಭ್ಯಗಳಿರುತ್ತವೆ. ಕೇಳಿದವರಿಗೆ ಮಾತ್ರ ಸಿಗುತ್ತವೆ. ಎದುರಿಗೆ ಕುಳಿತ ತರುಣನೂ ತಿಂಗಳ ಗುರಿ ಮುಟ್ಟದೆ ಬಯ್ಸಿಕೊಳ್ಳುವ ಯಾರದೋ ಮನೆಯ ಮಗ. ಅವನೊಡನೆ ದನಿಯೇರಿಸುವುದರಿಂದ ಬೆಲೆ ಇಳಿಯದು. ತಿಂಗಳ ಕೊನೆಯ ವಾರ ಹೋದರೆ ಅವನೇ ಮ್ಯಾನೇಜರನ್ನು ಕರೆತಂದಾನು.

ಮೋಸವಾದದ್ದು ಆಮೇಲೆ ತಿಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರಿಂದಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳನ್ನು ಅದು ವಿಚಾರಿಸುವುದು. ಅಲ್ಲಿ ನಿಲ್ಲುವುದು ಕಾಗದವೊಂದೇ. ಆದ್ದರಿಂದ ಮೊದಲ ಕೊಟೇಷನ್, ಬುಕಿಂಗ್ ರಸೀದಿ, ಹಣ ಸಂದಾಯದ ದಾಖಲೆ ಯಾವುದನ್ನೂ ಎಸೆಯಬಾರದು; ಬಿಡಿಯಾಗಿ ನಗದು ಕೊಡಲೂಬಾರದು.

ಬಾಕಿ ಹಣ ಕೊಡುವ ಮುಂಚೆ, ನೋಂದಣಿಗೂ ಮುನ್ನ, ಹಗಲು ಬೆಳಕಿನಲ್ಲಿ ಗಾಡಿಯನ್ನು ಕಣ್ಣಾರೆ ನೋಡಿರಿ. ಚಾಸಿಯ ಮೇಲಿನ ಹದಿನೇಳು ಅಕ್ಷರ ಅಂಕಿಗಳ ಸಂಖ್ಯೆಯನ್ನು ಬರೆದುಕೊಂಡು ಬಿಲ್ಲಿನಲ್ಲಿರುವುದರೊಡನೆ ತಾಳೆನೋಡಿ, ತಯಾರಾದ ತಿಂಗಳು ಯಾವುದೆಂದು ಕೇಳಿರಿ. ಓಡಿದ ಕಿಲೋಮೀಟರು, ಟೈರುಗಳು, ಬಣ್ಣದ ಗೀರು, ಎರಡನೆಯ ಕೀಲಿಕೈ, ಹೆಚ್ಚುವರಿ ಚಕ್ರ, ಜಾಕ್ ಎಲ್ಲವೂ ಸರಿಯಾಗಿವೆಯೇ ನೋಡಿ, ವಿಮೆಯ ಪತ್ರದಲ್ಲಿ ಹೆಸರು ಮತ್ತು ನಾಮಿನಿಯ ಹೆಸರು ತಪ್ಪಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬಾಕಿ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿರಿ.