ಅಂಗಿ ಮೇಲೆ ಇಡೀ ಕುರಾನ್

ಮೊನ್ನೆ ಇಂಟರ್ನಲ್ಸ್ ದಿನ ಕ್ಲಾಸಲ್ಲಿ ಒಬ್ಬನ ತೋಳಿನ ತಾಯತ ನೋಡಿ "ಒಳಗೆ ಚೀಟಿ ಇಟ್ಕೊಂಡಿದೀಯೇನೋ?" ಅಂತ ನಗಾಡಿದ್ವಿ. ನಾನೂ ನಕ್ಕೆ. ಅವನು ತೋಳು ಕೆಳಗೆ ಎಳ್ಕೊಂಡು ಸುಮ್ಮನಾದ. ಅದು ತಲೇಲೇ ಉಳಿದಿದೆ, ಹಾಗಾಗಿ ಇವತ್ತು ಈ ಅಂಗಿ.

ಮೊದಲನೇ ಫೋಟೋ ಝೂಮ್ ಮಾಡಿ. ದೂರದಿಂದ ಚೆಕ್ಸ್ ಬಟ್ಟೆ ಥರ ಕಾಣುತ್ತೆ, ಅಲ್ವಾ? ಆ ಚೌಕಗಳ ತುಂಬಾ ಇರೋದು ಅಕ್ಷರ. ಹತ್ತಿಬಟ್ಟೆ ಮೇಲೆ ಶಾಯಿ, ಚಿನ್ನದ ಬಣ್ಣ. ಈ ಬಗೆಯ ಅಂಗಿಗಳಲ್ಲಿ ಕುರಾನಿನ 114 ಅಧ್ಯಾಯಗಳನ್ನೂ ಬರೆದು, ಅಂಚಿನಲ್ಲಿ ದೇವರ 99 ಹೆಸರು ಬರೀತಿದ್ರು. ಇದು 15ನೇ ಶತಮಾನ ಅಥವಾ 16ರ ಶುರುವಿನದು, ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಉತ್ತರ ಭಾರತದ್ದು ಇಲ್ಲವೇ ದಖ್ಖನಿನದ್ದು ಅಂತಾರೆ. ದಖ್ಖನ್ ಅಂದ್ರೆ ಬೀದರ್‌ನಲ್ಲಿ ಬಹಮನಿ ಸುಲ್ತಾನರು ಆಳ್ತಿದ್ದ ನೆಲವೂ ಸೇರಿ.

ಅಂಗಿಯೇ ಯಾಕೆ? ನನಗೆ ನೆನಪಾಗೋದು ಕುರಾನಿನ ಯೂಸುಫ್ ಕತೆ. ಮಗನ ಅಂಗಿ ಮುಖಕ್ಕೆ ಹಾಕಿದ ಕೂಡ್ಲೇ ಕುರುಡಾಗಿದ್ದ ಅಪ್ಪನಿಗೆ ಕಣ್ಣು ಬರುತ್ತೆ.

ಇಂಥ ಫೋಟೋ ಕೆಳಗೆ ಎರಡೇ ಥರ ಕಾಮೆಂಟ್ ಬರುತ್ವೆ: "ವಾವ್, ಎಂಥ ಕ್ಯಾಲಿಗ್ರಫಿ", ಇಲ್ಲಾಂದ್ರೆ "ಮೂಢನಂಬಿಕೆ". ಎರಡೂ ನನಗೆ ಸರಿ ಅನ್ಸಲ್ಲ. (ಮೂರನೇದು "ಇದ್ರ ಹಿಂದೆ ಸೈನ್ಸ್ ಇದೆ". ಅದನ್ನ ಬಿಟ್ಬಿಡೋಣ.) ಇಷ್ಟು ಸಣ್ಣಕ್ಷರ ಯಾರೂ ಓದ್ಲಿ ಅಂತ ಬರೆದದ್ದಲ್ಲ, ಮೈಗೆ ತಾಗ್ಲಿ ಅಂತ. ಇದನ್ನ ಬರೀ ಚಂದದ ಅಕ್ಷರ ಅಂತ ನೋಡಿದ್ರೆ ಹಾಕ್ಕೊಳ್ಳೋನ ಭಯ ಕಾಣಲ್ಲ.

ಎರಡನೇ ಅಂಗಿ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯದು. ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೇ ಮೆಹ್ಮದ್‌ನ ಮಗ ಜೆಮ್‌ಗೆ ಮಾಡಿದ್ದು. 1477ರಲ್ಲಿ ಶುರು, 1480ರಲ್ಲಿ ಮುಗೀತು. ಶುರು ಮಾಡಿದ, ಮುಗಿಸಿದ ಘಳಿಗೆಯನ್ನೂ ಅಂಗಿ ಮೇಲೇ ಬರೆದಿದ್ದಾರೆ, ನಮ್ಮನೇಲಿ ಮುಹೂರ್ತ ನೋಡಿದ ಹಾಗೆ. 1481ರಲ್ಲಿ ಅಪ್ಪ ತೀರಿಕೊಂಡ. ಸಿಂಹಾಸನಕ್ಕೆ ಅಣ್ಣ ಬಾಯೆಜಿದ್ ಜೊತೆ ಯುದ್ಧ ಮಾಡಿ ಜೆಮ್ ಸೋತ, ರೋಡ್ಸ್‌ಗೆ ಓಡಿದ, ಫ್ರಾನ್ಸ್, ರೋಮ್ ಅಂತ ಪರರ ಸೆರೆಯಲ್ಲೇ ಇದ್ದು 1495ರಲ್ಲಿ ನೇಪಲ್ಸ್‌ನಲ್ಲಿ ಸತ್ತ.

"ನೋಡಿದ್ರಾ, ಕೆಲಸ ಮಾಡ್ಲಿಲ್ಲ" ಅನ್ನಬಹುದು. ಹೌದು, ಮಾಡ್ಲಿಲ್ಲ. ತಾಯತ ಗೀಯತ ಬೇಡ ಅನ್ನೋ ಪಂಡಿತರು ಇಸ್ಲಾಮಿನೊಳಗೇ ಮೊದಲಿಂದ ಇದ್ದಾರೆ, ಅವರ ವಾದ ನನಗೆ ಅರ್ಥ ಆಗುತ್ತೆ. ಆದ್ರೆ ಉಕ್ಕಿನ ಕವಚ ಕೊಳ್ಳೋ ತಾಕತ್ತಿದ್ದ ಅರಮನೆಯವ್ರಿಗೂ ಅದೊಂದೇ ಸಾಲ್ಲಿಲ್ಲ ನೋಡಿ. ಒಬ್ಬ ಹುಡುಗನಿಗೆ ಏನೂ ಆಗದಿರಲಿ ಅಂತ ಮೂರು ವರ್ಷ ಬಗ್ಗಿ ಕೂತು ಬರೆದಿದ್ದಾರೆ. ನಮ್ಮ ಕ್ಲಾಸಿನವನ ತೋಳಿಗೂ ಯಾರೋ ದಾರ ಬಿಗಿದು ಗಂಟು ಹಾಕಿ ಕಳ್ಸಿರ್ತಾರೆ. ನಂಬೋದು ಬಿಡೋದು ನಮ್ಮಿಷ್ಟ. ಅದನ್ನ ಕ್ಲಾಸ್ ಮಧ್ಯೆ ಹಿಡಿದು ನಗಾಡೋ ಹಕ್ಕು ನಮಗೆ ಯಾರು ಕೊಟ್ರು?

ಪೋಸ್ಟ್ ಹಾಕೋಕೆ ಮೊದ್ಲು ಇದನ್ನ ಅವನಿಗೇ ಕಳ್ಸಿದ್ದೆ, ಜೊತೆಗೆ ಸಾರಿ ಅಂತ. ಹಾಕು ಅಂದ, ಹೆಸರು ಮಾತ್ರ ಬೇಡ ಅಂದ.